ಹೊಸ್ತಿಲಿಗೆ ಸುಣ್ಣ, ಕಿಟಕಿ ತೆರೆದೇ

ಆ ಮುದುಕರು ನನಗೆ ಹೇಳಿದ್ದರಲ್ಲಿ ಎಷ್ಟು ಅವರದು, ಎಷ್ಟು ಆಮೇಲೆ ನಾನು ಸೇರಿಸಿಕೊಂಡದ್ದು ಎಂದು ಈಗ ಬೇರ್ಪಡಿಸಲಾರೆ. ನನ್ನ ನೆನಪಿನಲ್ಲಿ ಎಲ್ಲವೂ ಒಂದೇ ಮಧ್ಯಾಹ್ನ ನಡೆಯಿತು. ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಎರಡು ಭೇಟಿಗಳಿವೆ, ನಡುವೆ ಐದು ದಿನ. ಮೊದಲ ಭೇಟಿಯ ಮಾತು ಫೋನಿನಲ್ಲಿ ಧ್ವನಿಮುದ್ರಣವಾಗಿದೆ. ಕೇಳಿದರೆ ಮುದುಕರ ದನಿಗಿಂತ ಗಾಳಿ, ಟ್ರ್ಯಾಕ್ಟರಿನ ಸದ್ದೇ ಹೆಚ್ಚು. ಎರಡನೆಯ ಸಲ ಕೈಗೆ ಸೊಪ್ಪಿನ ಬುಟ್ಟಿ ಕೊಟ್ಟಿದ್ದರಿಂದ ಫೋನನ್ನು ಚಪ್ಪಲಿಯ ಪಕ್ಕ ಬಿಟ್ಟು ಒಳಗೆ ಹೋಗಿದ್ದೆ. ಮುಖ್ಯವಾದದ್ದೆಲ್ಲ ಬಂದಿದ್ದು ಆಗಲೇ. ಬಾಯಿಮಾತಿನ ಸಾಕ್ಷ್ಯವನ್ನು ಬೇರೆ ಆಧಾರ ಸಿಗುವವರೆಗೆ ನಂಬಬೇಡಿ ಎಂದು ಇತಿಹಾಸ ವಿಭಾಗದಲ್ಲಿ ನಮಗೆ ಕಲಿಸಿದ್ದರು. ಆ ಅಳತೆಗೋಲನ್ನು ನನ್ನ ನೆನಪಿಗೇ ಹಿಡಿದರೆ ಉಳಿಯುವುದು ಕಡಿಮೆ. ಆದರೂ ಆದ ಕ್ರಮದಲ್ಲೇ ಹೇಳಲು ನೋಡುತ್ತೇನೆ.

ನಾನಾಗ ರಕ್ತ ಹೀರುವವನೊಬ್ಬನ ಕಾದಂಬರಿ ಬರೆಯುತ್ತಿದ್ದೆ. ನೂರು ವರ್ಷದ ಹಿಂದಿನ ಕಾಲ. ನಂದಿ ಬೆಟ್ಟದ ತಪ್ಪಲಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ, ಅದರ ಬಂಗಲೆಯಲ್ಲಿ ವಯಸ್ಸೇ ಗೊತ್ತಾಗದ ಯಜಮಾನ. ಹುಳುಗಳ ರೋಗ ಪರೀಕ್ಷಿಸಲು ಒಬ್ಬ ತರುಣ ಸೂಕ್ಷ್ಮದರ್ಶಕ ಹೊತ್ತು ಬರುತ್ತಾನೆ. ಇಬ್ಬರು ಗಂಡಸರಿಗೂ ಪ್ರೀತಿಯಾಗುತ್ತದೆ. ಇತ್ತ ಕೆಲಸದವರು ಒಬ್ಬೊಬ್ಬರಾಗಿ ಬಿಳಿಚಿಕೊಂಡು ಸಾಯುತ್ತಾರೆ. ಕೊಲ್ಲುತ್ತಿರುವವರು ಯಾರು ಎಂಬುದು ಪತ್ತೇದಾರಿಯ ಎಳೆ. ಕೊನೆಗೆ ಸತ್ಯ ತಿಳಿದ ತರುಣ, ತಾನು ಪ್ರೀತಿಸಿದವನ ಎದೆಗೇ ಹಿಪ್ಪುನೇರಳೆಯ ಗೂಟ ಬಡಿಯುತ್ತಾನೆ. ಯಜಮಾನ ಹೋದಲ್ಲೆಲ್ಲ ಊಜಿ ನೊಣ ಕಾಣಿಸಿಕೊಳ್ಳುತ್ತದೆ ಎಂಬುದು ನಾನು ಹೆಣೆದಿದ್ದ ಸುಳಿವು. ಊಜಿ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ಹುಳುವನ್ನು ಜೀವಂತವಾಗಿ ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆಯೊಂದು ಉಳಿಯುತ್ತದೆ. ಕುತ್ತಿಗೆಯ ಮೇಲೆ ರಕ್ತಪಿಶಾಚಿಯ ಹಲ್ಲು ಉಳಿಸುವ ಎರಡು ಗಾಯಕ್ಕೆ ನಮ್ಮ ಸೀಮೆಯಲ್ಲೇ ಜೋಡಿ ಸಿಕ್ಕಿತೆಂದು ಬೀಗಿದ್ದೆ.

ಹನ್ನೊಂದನೆಯ ಅಧ್ಯಾಯದಲ್ಲಿ ಕಥೆ ನಿಂತುಹೋಯಿತು. ಪ್ರಕಾಶಕಿ ಗೌರಿಬಿದನೂರಿನವರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಹಸ್ತಪ್ರತಿಯನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಒಂದೊಂದೇ ಹಾಳೆ ಮಗುಚಿದರು.

"ನಿಮ್ಮ ದೆವ್ವಕ್ಕೆ ಊರೇ ಇಲ್ಲವಲ್ರೀ" ಎಂದರು. "ಸಿನಿಮಾದಿಂದ ಇಳಿದು ಸೀದಾ ನಂದಿಗೆ ಬಂದ ಹಾಗಿದೆ. ಆಯ್ತು, ಅದು ಹೋಗಲಿ. ಇಬ್ಬರು ಗಂಡಸರು ಪ್ರೀತಿ ಮಾಡಿದ್ರು. ಚೆನ್ನಾಗೇ ಬರ್ದಿದ್ದೀರ. ಆದ್ರೆ ಒಬ್ಬನನ್ನ ಇನ್ನೊಬ್ಬನ ಕೈಯಲ್ಲೇ ಯಾಕೆ ಕೊಲ್ಲಿಸ್ತೀರ?"

"ಕಥೆಯ ಪ್ರಕಾರ ಅವನು ರಾಕ್ಷಸ ಮೇಡಂ."

"ರಾಕ್ಷಸ ಅಂದೋರು ಯಾರು? ನೀವೇ ತಾನೆ? ಇಂಥೋರಿಗೆ ಶಿಕ್ಷೆ ಕೊಡೋಕೆ ದೆವ್ವ ಬೇರೆ ಬೇಕೇನ್ರೀ, ಊರೇ ಸಾಕಲ್ಲ."

ಚಿಕ್ಕಬಳ್ಳಾಪುರದಲ್ಲಿ ನಾನು ಮತ್ತು ನನ್ನ ಜೊತೆಯವನು ಬಾಡಿಗೆಗಿರುವ ಮನೆಯ ಮಾಲೀಕರಿಗೆ ನಾವು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಂದು ಹೇಳಿದ್ದೇವೆ. ಕಥೆಯನ್ನು ನೂರು ವರ್ಷ ಹಿಂದಕ್ಕೆ ಒಯ್ದದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಪ್ರಕಾಶಕಿ ಅಷ್ಟಕ್ಕೆ ಬಿಟ್ಟು, ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಳಾಸ ಬರೆದುಕೊಟ್ಟರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಗಿರುವ ಹಳ್ಳಿ. ಹೆಣ್ಣುಮಗಳು ಹುಳು ಮೇಯಿಸುತ್ತಾಳೆ, ಅವಳ ಚಿಕ್ಕಪ್ಪ ಹಳೆಯ ಕಾಲದ ರೇಷ್ಮೆ ಕೆಲಸ ಬಲ್ಲವರು. "ಮೊದಲು ಹುಳು ನೋಡಿ ಬನ್ನಿ. ಆಮೇಲೆ ರಕ್ತ" ಎಂದರು.

ಹೋದ ದಿನವೇ ತಪ್ಪು ಮಾಡಿದೆ. ಬಸ್ ಸ್ಟಾಪಿನಲ್ಲಿ ಸೊಳ್ಳೆ ಮುತ್ತಿದವೆಂದು ಕೈಕಾಲಿಗೆ ಮುಲಾಮು ಹಚ್ಚಿಕೊಂಡಿದ್ದೆ. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು, ಪಕ್ಕದಲ್ಲಿ ಕಾಲು ತೊಳೆಯಲು ಬ್ಲೀಚಿಂಗ್ ನೀರಿನ ತಟ್ಟೆ. ನಾನು ಕಾಲಿಡುವ ಮೊದಲೇ ಒಳಗಿಂದ ಹೆಣ್ಣುಮಗಳು ಕೂಗಿದಳು.

"ಅಯ್ಯೋ, ನಿಂತ್ಕಳಿ ಸಾರ್! ಏನ್ ಹಚ್ಕೊಂಡಿದೀರ? ವಾಸನೆ ಇಲ್ಲಿಗೇ ಹೊಡೀತೈತೆ!"

"ಸೊಳ್ಳೆಗೆ..."

"ಸೊಳ್ಳೆ ಓಡ್ಸೋ ಔಷಧಿ ಹಚ್ಕೊಂಡು ಹುಳದ ಮನೆಗೆ ಬರ್ತಾರಾ? ಹುಳ ಎಲ್ಲಾ ಮಲಗ್‍ಬಿಡ್ತವೆ. ಇಪ್ಪತ್ ದಿನದ ಕಷ್ಟ ನಂದು. ಮೇಡಂ ಕಳ್ಸಿದ್ದಾರೆ ಅಂತ ಬಿಡ್ತಾ ಇದೀನಿ, ಇಲ್ದಿದ್ರೆ ಗೇಟಿಂದಾನೇ ಓಡಿಸ್ತಿದ್ದೆ. ಅಲ್ಲಿ ಕಲ್ಲಿನ ಮೇಲೆ ಕೂತ್ಕಳಿ. ಚಿಕ್ಕಪ್ಪನ್ನ ಕಿಟಕಿ ಹತ್ರ ಕಳಿಸ್ತೀನಿ."

ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ಒಂದು ಕಲ್ಲು ಚಪ್ಪಡಿ ಇತ್ತು, ಕೂತು ಕೂತು ನುಣುಪಾದದ್ದು. ಅದರ ಎದುರಿಗೆ ಕಿಟಕಿ, ಕಿಟಕಿಗೆ ಬಿಗಿಯಾದ ನೈಲಾನ್ ಪರದೆ. ಪರದೆಯಾಚೆ ಬಂದು ನಿಂತ ಮುದುಕರು ನನ್ನನ್ನು ಬಹಳ ಹೊತ್ತು ನೋಡಿದರು. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಬನಿಯನ್ನು, ಹೆಗಲ ಮೇಲೆ ಟವೆಲ್ಲು.

"ಅಲ್ಲಿ ಯಾರೂ ಕೂರಲ್ಲಪ್ಪ ಈಗ" ಎಂದರು. ಆಮೇಲೆ, "ಇರ್ಲಿ, ಕೂತ್ಕೋ. ಏನೋ ದೆವ್ವದ ಕಥೆ ಬರೀತೀಯಂತೆ?"

ಕಥೆ ಹೇಳಿದೆ. ಇಬ್ಬರ ಪ್ರೀತಿಯ ಭಾಗಕ್ಕೆ ಬಂದಾಗ ದನಿ ತಗ್ಗಿಸಿದೆ. ಮುದ್ರಣ ಕೇಳಿದಾಗಲೆಲ್ಲ ಅದೊಂದಕ್ಕೆ ನಾಚಿಕೆಯಾಗುತ್ತದೆ. ಅವರು ಮುಖದ ಭಾವ ಬದಲಿಸದೆ ಕೇಳಿದರು. ಹಿಪ್ಪುನೇರಳೆ ಗೂಟ ಬಂದಾಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಪ್ಪಾ, ಎಷ್ಟ್ ಓದಿದೀಯ ನೀನು? ಹಿಪ್ಪುನೇರಳೆ ಕಡ್ಡಿ ಎಲ್ಲಿ ನೆಟ್ರೂ ಚಿಗುರ್ತದೆ ಕಣಪ್ಪ. ನಿನ್ ದೆವ್ವದ ಎದೆ ಮೇಲೆ ಮೂರೇ ತಿಂಗ್ಳಿಗೆ ಸೊಪ್ಪು ಕುಯ್ಯಬೋದು!"

ಒಳಗಿಂದ ಹೆಣ್ಣುಮಗಳೂ ನಗುವುದು ಕೇಳಿಸಿತು. ನಗು ನಿಂತ ಮೇಲೆ ಅವರು ಹೇಳಿದ ಮಾತು ಮುದ್ರಣದಲ್ಲಿ ಸ್ಪಷ್ಟವಾಗಿದೆ: "ಇನ್ನೊಂದು. ನೂರು ವರ್ಷದ ಹಿಂದೆ ಇಲ್ಲಿ ಊಜಿ ಎಲ್ಲಿತ್ತು? ಅದು ಬಂದಿದ್ದು ನಮ್ ಕಾಲದಲ್ಲಿ. ನಾನು ಕಣ್ಣಾರೆ ನೋಡಿದೀನಿ ಬಂದಿದ್ನ."

ಸುಳಿವು ಅಲ್ಲಿಗೆ ಸತ್ತಿತು. ಚಿಕ್ಕಬಳ್ಳಾಪುರಕ್ಕೆ ಮರಳಿ ಹುಡುಕಿ ನೋಡಿದೆ. ಅವರು ಹೇಳಿದ್ದೇ ನಿಜ. ಆ ನೊಣ ಪೂರ್ವದ ರಾಜ್ಯಗಳದ್ದು, ಅಲ್ಲಿಂದ ಬಂದ ಗೂಡಿನ ಜೊತೆ ಈ ಸೀಮೆಗೆ ಇಳಿದು ಇನ್ನೂ ಒಬ್ಬ ಮನುಷ್ಯನ ಆಯುಸ್ಸು ಕೂಡ ಆಗಿಲ್ಲ. ಗೋಡೆಗೆ ಅಂಟಿಸಿದ್ದ ಘಟನೆಗಳ ಪಟ್ಟಿಯಲ್ಲಿ ನೊಣ ಬರುವ ಕಡೆಯೆಲ್ಲ ಕೆಂಪು ಗೆರೆ ಎಳೆದೆ. ಹನ್ನೊಂದು ಅಧ್ಯಾಯದಲ್ಲಿ ಒಂಬತ್ತು ಕೆಂಪಾದವು. ನೊಣದ ಬದಲು ಬಾವಲಿ ಹಾಕಿ ನೋಡಿದೆ, ಹುಳುಗಳಿಗೆ ತಗಲುವ ಗಂಟುರೋಗ ಹಾಕಿ ನೋಡಿದೆ. ಯಾವುದೂ ಕೂರಲಿಲ್ಲ. ಐದನೆಯ ದಿನ ಸ್ನಾನ ಮಾಡಿ, ಎಣ್ಣೆ ಪೌಡರು ಯಾವುದನ್ನೂ ಮುಟ್ಟದೆ, ಬೆಳಗಿನ ಬಸ್ಸು ಹಿಡಿದೆ.

ಈ ಸಲ ಹೆಣ್ಣುಮಗಳು ನನ್ನ ಮೊಣಕೈಯನ್ನೇ ಮೂಸಿ ನೋಡಿ ಒಳಗೆ ಬಿಟ್ಟಳು. "ಬಂದೋರು ಸುಮ್ನೆ ನಿಲ್ಲಂಗಿಲ್ಲ" ಎಂದು ಬುಟ್ಟಿ ಕೊಟ್ಟಳು.

ಒಳಗೆ ಮೊದಲು ಕಿವಿಗೆ ಬಿದ್ದದ್ದು ಮಳೆ. ಹೊರಗೆ ಸುಡುಬಿಸಿಲಿತ್ತು. ಸಾಲು ಸಾಲು ಅಟ್ಟಣೆಗಳ ಮೇಲೆ ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಕಡಿಯುತ್ತಿದ್ದ ಸದ್ದು ಅದು. ಹೆಂಚಿನ ಮೇಲೆ ಸಣ್ಣಗೆ ಸುರಿಯುವ ಮಳೆಯಂತೆ, ಎಲ್ಲೂ ಬಿಡುವಿಲ್ಲದೆ. ನಾನು ದೇವಸ್ಥಾನಗಳಲ್ಲೂ ಕೈಕಟ್ಟಿ ಸುಮ್ಮನೆ ನಿಲ್ಲುವವನು. ಅಲ್ಲಿ ನನಗೇ ತಿಳಿಯದೆ ಉಸಿರು ಹಿಡಿದೆ. ಹಸಿರು ಕಡ್ಡಿಗಳ ಮೇಲೆ ಹುಳುಗಳು ಅಲೆಯ ಹಾಗೆ ಹರಿಯುತ್ತಿದ್ದವು. ಇನ್ನೊಂದು ಅಂಕಣದಲ್ಲಿ ತಡವಾಗಿ ಮೇಯಿಸತೊಡಗಿದ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಮೇವು ನಿಲ್ಲಿಸುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಅವೆಲ್ಲ ತಲೆ ಮೇಲೆತ್ತಿ ಕದಲದೆ ನಿಂತಿದ್ದವು, ಯಾರೋ ಮಾತು ಶುರುಮಾಡಲಿ ಎಂದು ಕಾಯುವ ಸಭೆಯ ಹಾಗೆ. ಹೀಗೆ ಎರಡನ್ನೂ ಒಂದೇ ಹೊತ್ತಿನಲ್ಲಿ ಕಂಡದ್ದು ಹೌದೋ ಅಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ನೆನಪು ಹಾಗಿದೆ.

ಮುದುಕರು ಮೇವು ಬಿಟ್ಟು ಹಣ್ಣಾದ ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹುಳುವಿನ ಮೈಯೊಳಗಿಂದ ಬೆಳಕು ಹಾದುಬಂತು, ಜೇನಿನ ಬಣ್ಣದಲ್ಲಿ.

"ಇದ್ರೊಳಗೆ ಈಗ ಬರೀ ನೂಲು. ಬೇರೇನಿಲ್ಲ" ಎಂದರು. "ಒಂದೇ ಎಳೆ, ಎಲ್ಲೂ ಕಡಿಯಲ್ಲ. ಊಜಿ ಹೊಕ್ಕಿದ್ರೆ ಗೂಡಿಗೆ ತೂತು ಬೀಳ್ತದೆ, ಎಳೆ ಕಡೀತದೆ. ಅಷ್ಟೇನಪ್ಪ ಅದು ಮಾಡೋದು. ಆದ್ರೆ ಮೊದಲ್ನೇ ವರ್ಷ ಯಾರ್ಗೂ ಗೊತ್ತಿರ್ಲಿಲ್ಲ."

ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆಯ ಬಿದಿರಿನ ಸುರುಳಿಗೆ ಬಿಟ್ಟು, ಇನ್ನೊಂದನ್ನು ಎತ್ತಿಕೊಂಡರು. ಕೆಲಸ ಮಾಡುತ್ತಲೇ ಹೇಳಿದರು. ನಾನು ಬುಟ್ಟಿ ಹಿಡಿದು ಹಿಂದೆ ಹಿಂದೆ ಹೋದೆ.

ಅವರಿಗಾಗ ಮೂವತ್ತೈದರ ಆಸುಪಾಸು. ಮದುವೆ ಬೇಡವೆಂದು ಅಣ್ಣನ ಮನೆಯಿಂದ ಈಚೆ ಬಂದು, ತೋಟದ ಈ ಮನೆಯಲ್ಲಿ ಒಬ್ಬರೇ ಹುಳು ಮೇಯಿಸುತ್ತಿದ್ದರು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ದಾಗ ಅಲ್ಲೊಬ್ಬ ಚರಕದಲ್ಲಿ ನೂಲು ಬಿಚ್ಚುವವನ ಪರಿಚಯವಾಯಿತು. ಗಡಿಯಾಚೆಯವನು, ತೆಲುಗು ಮಾತಾಡುವವನು. ಕುದಿಯುವ ನೀರಿನಿಂದ ಬರಿಬೆರಳಲ್ಲಿ ಎಳೆಯ ತುದಿ ಎತ್ತುತ್ತಿದ್ದ, ಕೈ ಸದಾ ಬೆಂದು ಬೆಳ್ಳಗಿರುತ್ತಿತ್ತು. ಒಂದು ದಿನ ಗಂಟು ಕಟ್ಟಿಕೊಂಡು ಇವರ ಜೊತೆ ಬಸ್ಸು ಹತ್ತಿದ. "ಬಂದ. ಇದ್ದ" ಎಂದರು ಮುದುಕರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಸಂಸಾರವನ್ನು ಎರಡೇ ಪದದಲ್ಲಿ ಹೇಳಿ ಮುಗಿಸಿದರು. ಅವನನ್ನು ಅವರು ಕರೆಯುತ್ತಿದ್ದದ್ದು 'ನಮ್ಮೋನು' ಎಂದು.

"ಅವ್ನು ಬಂದ ವಾರಕ್ಕೇ ಹುಳದ ಮೇಲೆ ಕಪ್ಪು ಚುಕ್ಕೆ ಬಿತ್ತು. ಮೊದಲು ನಮ್ಮನೇಲಿ, ಆಮೇಲೆ ಪಕ್ಕದೋರ ಮನೇಲಿ. ಗೂಡೆಲ್ಲ ತೂತು. ಜನ ಏನಂದ್ರು ಗೊತ್ತಾ? ಅವ್ನು ಬೆಳ್ಳಗೆ ಶವದ ಕೈ ಇಟ್ಕೊಂಡವ್ನೆ, ಕಣ್ಣಲ್ಲೇ ಹುಳ ಹೀರ್ತಾನೆ ಅಂದ್ರು. ಯಾರ ಹುಳದ ಮನೆ ಹೊಸ್ತಿಲೂ ಅವ್ನು ದಾಟಂಗಿಲ್ಲ, ಹಾದು ಹೋದ್ರೆ ಸುಣ್ಣ ಚೆಲ್ಲೋರು."

ನಾನು ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದ ರಕ್ತಪಿಶಾಚಿ ಇಲ್ಲಿ ಯಾರ ಕಲ್ಪನೆಯೂ ಬೇಡದೆ ಬದುಕಿದ್ದ. ಬಿಳಿಚಿದ ಕೈ. ದೂರದ ಊರು. ಕರೆಯದೆ ಹೊಸ್ತಿಲು ದಾಟಬಾರದವನು.

"ಅವ್ರು ಏನ್ ಮಾಡಿದ್ರು ತಾತ?"

"ಏಂ ಕಾದುಲೇ ಅಂದ. ಏನೂ ಆಗಲ್ಲ ಬಿಡು ಅಂತ. ಏನೇ ಆದ್ರೂ ಅವನ್ದು ಅದೊಂದೇ ಮಾತು." ಮುದುಕರು ಇನ್ನೊಂದು ಹುಳುವನ್ನು ಬೆಳಕಿಗೆ ಹಿಡಿದರು. "ಊರೋರು ಸುಣ್ಣ ಹಾಕಿದ್ದಕ್ಕೆ ಅವ್ನು ಬೇಜಾರ್ ಮಾಡ್ಕೊಳ್ಳಿಲ್ಲ. ಒಂದಿನ ಅವ್ನು ಸೊಪ್ಪು ತರೋಕೆ ಹೋದಾಗ ನಾನೂ ಹಾಕ್ದೆ. ಈ ಬಾಗಿಲ್ಗೆ. ವಾಪಸ್ ಬಂದ, ಸುಣ್ಣ ನೋಡ್ದ, ಬುಟ್ಟಿ ಕೆಳಗಿಟ್ಟು ಆ ಕಲ್ಲಿನ ಮೇಲೆ ಕೂತ. ಅಷ್ಟೇ."

ಆಮೇಲೆ ಸರ್ಕಾರದವರು ಬಂದು ನೊಣ ತೋರಿಸಿದರು, ಕಿಟಕಿಗೆ ಪರದೆ ಕಟ್ಟಿಸಿದರು. ಊರು ಮರೆಯಿತು. ಆದರೆ ಆ ಮನುಷ್ಯ ಹುಳುಮನೆಯ ಒಳಗೆ ಮತ್ತೆ ಕಾಲಿಡಲಿಲ್ಲ. ಮಲಗುವ ಕೋಣೆ ಒಂದೇ, ಒಲೆ ಒಂದೇ, ಸೊಪ್ಪು ಕುಯ್ಯುವುದು ಒಟ್ಟಿಗೆ. ಈ ಬಾಗಿಲಿಗೆ ಬಂದರೆ ಬುಟ್ಟಿ ಇಳಿಸಿ ಕಲ್ಲಿನ ಮೇಲೆ ಕೂರುತ್ತಿದ್ದ. ಇವರು ಒಳಗೆ, ಅವನು ಹೊರಗೆ, ನಡುವೆ ಪರದೆ. ಸಾಯುವವರೆಗೂ ಹಾಗೇ ಮಾತಾಡಿಕೊಂಡರಂತೆ.

"ಕರೀಲಿಲ್ವಾ ನೀವು?"

"ಕರೆಯೋಕೆ ಧೈರ್ಯ ಬೇಕಲ್ಲಪ್ಪ. ಅವ್ನು ಕಟ್ಕೊಂಡು ಬಂದ ಗಂಟಲ್ಲಿ ಒಂದಿಷ್ಟು ಗೂಡು ಇದ್ವು, ಶಿಡ್ಲಘಟ್ಟದ್ದು. ಅದ್ರಲ್ಲೇ ನೊಣ ಬಂತೇನೋ ಅಂತ ನನ್ಗೆ ಒಳಗೊಳಗೇ ಇತ್ತು. ಇವತ್ಗೂ ಐತೆ. ಅವ್ನ ಮುಖ ನೋಡ್ಕೊಂಡು ಸುಳ್ಳುಸುಳ್ಳೇ ಒಳಗೆ ಬಾ ಅನ್ನಕ್ಕೆ ಆಗ್ಲಿಲ್ಲ." ಬೆರಳಿಗಂಟಿದ್ದ ಎಳೆಯನ್ನು ಬಿಡಿಸಿಕೊಂಡರು. "ನೀನು ಓದಿದೋನು. ನೊಣ ಮುಂಚೆ ಬಂತಾ, ನಮ್ಮೋನು ಮುಂಚೆ ಬಂದ್ನಾ? ಅಷ್ಟು ಹೇಳು ಸಾಕು."

"ನೊಣವೇ ಮುಂಚೆ ಬಂದಿರುತ್ತೆ ತಾತ" ಎಂದುಬಿಟ್ಟೆ.

"ಗೊತ್ತಿದ್ದು ಹೇಳ್ತಿದೀಯಾ, ಇಲ್ಲ ಸಮಾಧಾನಕ್ಕಾ?"

ಎಲ್ಲವನ್ನೂ ಅನುಮಾನಿಸುವವನೆಂದು ಹೆಸರು ಮಾಡಿದ ನಾನು, ಒಬ್ಬ ಮುದುಕರ ಮುಂದೆ ಯಾವ ಆಧಾರವೂ ಇಲ್ಲದೆ ತೀರ್ಪು ಕೊಟ್ಟಿದ್ದೆ. ಅವರು ಅದನ್ನು ತಕ್ಷಣ ಹಿಡಿದಿದ್ದರು.

"ನೋಡ್ಕೊಂಡು ಬಾ ಹೋಗು" ಎಂದರು.

ಹೊರಡುವಾಗ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದೆ. ಬಾಗಿಲಿಗೆ ಸುಣ್ಣವಿತ್ತು, ಎದುರು ಗೋಡೆಯಲ್ಲಿ ಆಳೆತ್ತರದ ನಾಲ್ಕು ಕಿಟಕಿಗಳಿದ್ದವು. ಹುಳುವಿಗೆ ಗಾಳಿ ಬೇಕು, ಆ ಕಾಲದಲ್ಲಿ ಅವಕ್ಕೆ ಪರದೆಯಿರಲಿಲ್ಲ. ಮನುಷ್ಯನೊಬ್ಬನನ್ನು ತಡೆಯಲು ಹೊಸ್ತಿಲಿಗೆ ಸುಣ್ಣ ಚೆಲ್ಲಿ ಕೂತಿದ್ದಾಗ ನೊಣ ಕಿಟಕಿಯಿಂದ ಬಂದು ಹೋಗುತ್ತಿತ್ತು. ನನ್ನ ಪತ್ತೇದಾರಿ ಕಥೆಯ ಉತ್ತರ ಅದಾಗಿತ್ತು. ನಾನು ಕಟ್ಟಿದ್ದ ಯಾವ ಉತ್ತರವೂ ಅಷ್ಟು ಸರಳವಾಗಿರಲಿಲ್ಲ, ಅಷ್ಟು ಭಯಂಕರವೂ ಆಗಿರಲಿಲ್ಲ.

ಆ ವಾರ ಹನ್ನೊಂದು ಅಧ್ಯಾಯಗಳನ್ನೂ ಕೈಬಿಟ್ಟೆ. ಬಂಗಲೆ ಹೋಯಿತು, ಯಜಮಾನ ಹೋದ, ನೂರು ವರ್ಷವೂ ಹೋಯಿತು. ಕಥೆಯನ್ನು ನೊಣ ಬಂದ ವರ್ಷಕ್ಕೆ ತಂದೆ. ಕಥೆ ಹೇಳುವವನನ್ನು ಸುಣ್ಣ ಚೆಲ್ಲಿದವನನ್ನಾಗಿ ಮಾಡಿದೆ. ಓದುಗರು ಅವನ ಕಣ್ಣಲ್ಲೇ ನೋಡಿ, ಅವನ ಜೊತೆಗೇ ಅನುಮಾನಪಟ್ಟು, ಕೊನೆಗೆ ಅವನ ಜೊತೆಗೇ ಕಿಟಕಿಯತ್ತ ತಿರುಗಬೇಕು. ಮೊದಲ ಸಲ ಬರೆದಾಗ ಹೊರಗೆ ಕೂತವನು ದೇವರಂತಾಗಿಬಿಟ್ಟಿದ್ದ. "ಇವನಿಗೆ ಒಂದು ದಿನವೂ ಸಿಟ್ಟು ಬರಲ್ವೇನ್ರೀ?" ಎಂದು ಪ್ರಕಾಶಕಿ ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ಅವನು ಬುಟ್ಟಿಯನ್ನು ಎತ್ತಿ ಒಗೆದ, ಎರಡು ದಿನ ಊಟ ಬಿಟ್ಟ, ತೆಲುಗಿನಲ್ಲಿ ಬೈದ. ಆಮೇಲೆ ಪುಸ್ತಕ ನಡೆಯಿತು. ಆದರೆ ಕೊನೆಯ ಅಧ್ಯಾಯವನ್ನು ಬರೆಯಲು ಕೈ ಬರಲಿಲ್ಲ. ಮುದುಕರ ಪ್ರಶ್ನೆಗೆ ಕಾದಂಬರಿಯಲ್ಲಿ ಏನು ಬೇಕಾದರೂ ಉತ್ತರ ಕೊಡಬಹುದಿತ್ತು. ಅವರು ಕೇಳಿದ್ದು ಕಾದಂಬರಿಯ ಉತ್ತರವನ್ನಲ್ಲ.

ನಮ್ಮೋನು ಬಂದ ದಿನವನ್ನು ಗೊತ್ತುಮಾಡಿದ್ದು ಹೆಣ್ಣುಮಗಳು. ಆ ದಿನ ಊರಿನ ಬಸ್ಸು ಹತ್ತುವ ಮೊದಲು ಮುದುಕರೂ ಅವನೂ ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಚಿಕ್ಕಪ್ಪನ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. "ಇದನ್ನ ಅತ್ತಿಗೆ ಮೈದುನ ಎಲ್ಲಾ ನೋಡಿದಾರೆ ಸಾರ್. ಯಾರೂ ಏನೂ ಕೇಳ್ಲಿಲ್ಲ. ಕೇಳಿದ್ರೆ ಚಿಕ್ಕಪ್ಪ ಹೇಳೋರೇನೋ." ಫೋಟೋದ ಹಿಂದೆ ಸ್ಟುಡಿಯೋದ ಮೊಹರು, ಶಾಯಿಯಲ್ಲಿ ತಾರೀಖು: ದೀಪಾವಳಿ ಮುಗಿದ ವಾರ. ಅದು ಫೋಟೋ ತೆಗೆದ ದಿನವಲ್ಲ, ಕೊಟ್ಟ ದಿನ ಇರಬಹುದು. ಅದಕ್ಕೇ ಹದಿನೈದು ದಿನ ಹಿಂದಕ್ಕೆ ಲೆಕ್ಕ ಹಿಡಿದೆ.

ನೊಣದ ತಾರೀಖಿಗೆ ಚಿಂತಾಮಣಿಗೆ ನಾಲ್ಕು ಸಲ ಹೋದೆ. ರೈತರು ತಂದು ತೋರಿಸಿದ ರೋಗಗಳನ್ನು ಬರೆದಿಡುತ್ತಿದ್ದ ಹಳೆಯ ರಿಜಿಸ್ಟರು ಅಲ್ಲಿನ ರೇಷ್ಮೆ ಇಲಾಖೆಯ ಕಚೇರಿಯ ಅಟ್ಟದಲ್ಲಿತ್ತು. ಗುಮಾಸ್ತರು ತಾವೇ ಏಣಿ ಹತ್ತಿ ಇಳಿಸಿಕೊಟ್ಟು, ಧೂಳಿಗೆ ಸೀನುತ್ತಾ ನನ್ನ ಜೊತೆ ಹಾಳೆ ತಿರುವಿದರು. ಮೂರನೆಯ ಸಲ ಹೋದಾಗ ಮಧ್ಯಾಹ್ನ ಊಟದ ಹೊತ್ತಿಗೆ ಆ ಸಾಲು ಸಿಕ್ಕಿತು. ಎರಡು ಸಲ ಓದಿ, ನನ್ನ ಕಣ್ಣನ್ನೇ ನಂಬದೆ ಅವರಿಂದಲೂ ಓದಿಸಿದೆ. ನಾಲ್ಕನೆಯ ಸಲ ಹೋದದ್ದು ಅನುಮತಿ ಪಡೆದು ನಕಲು ತರಲು.

ನಕಲನ್ನು ಹುಳುಮನೆಗೆ ಒಯ್ದಾಗ ಬೆಳೆ ಇಳಿದಿತ್ತು. ಅಟ್ಟಣೆಗಳು ಖಾಲಿ, ನೆಲ ತೊಳೆದಿದ್ದರು. ಮುದುಕರು ಹೊರಗೆ ಬಿಸಿಲಿನಲ್ಲಿ ಕೂತಿದ್ದರು. ನಾನು ಓದಿದೆ. "ಇನ್ನೊಂದ್ ಸಲ ಓದಪ್ಪ" ಎಂದರು. ಮತ್ತೆ ಓದಿದೆ. ಅವರು ಎದ್ದು ಹುಳುಮನೆಯ ಬಾಗಿಲಿಗೆ ಹೋಗಿ, ಒಳಗೆ ಕಾಲಿಡದೆ ಹೊಸ್ತಿಲ ಪಕ್ಕಕ್ಕೆ ಸರಿದು ನಿಂತರು, ಯಾರಿಗೋ ದಾರಿ ಬಿಡುವ ಹಾಗೆ. ಹಾಗೆ ಎಷ್ಟು ಹೊತ್ತು ನಿಂತರು, ತುಟಿ ಅಲುಗಿತೇ, ನಾನು ಹೇಳಲಾರೆ. ರಿಜಿಸ್ಟರಿನಲ್ಲಿರುವುದನ್ನು ಮಾತ್ರ ಹೇಳಬಲ್ಲೆ. ಮೈಮೇಲೆ ಕಪ್ಪು ಚುಕ್ಕೆಯಿದ್ದ ಹುಳುಗಳನ್ನೂ ತೂತಾದ ಗೂಡುಗಳನ್ನೂ ಪಕ್ಕದ ಹಳ್ಳಿಯ ರೈತನೊಬ್ಬ ಆ ಕಚೇರಿಗೆ ತಂದು ತೋರಿಸಿದ್ದು ಅದೇ ವರ್ಷದ ಆಷಾಢದಲ್ಲಿ, ಫೋಟೋದ ತಾರೀಖಿಗೆ ನಾಲ್ಕು ತಿಂಗಳು ಮೊದಲು.